ಮಕ್ಕಳ ಮಾತು ಪಂಚಾಯತಿಯ ಕಟ್ಟೆಗೆ ಬರಲಿ



ಹಿಂಗಾರಿ ಜೋಳ ಬಿತ್ತಿದ ರೈತನು ಬೀಜ ಮಣ್ಣಿಗೆ ಬಿದ್ದಿತೆಂದು ಕೈಕಟ್ಟಿ ಕೂಡುವುದಿಲ್ಲ. ಎಡೆ ಹೊಡೆಯುತ್ತಾನೆ, ಕಳೆ ತೆಗೆಯುತ್ತಾನೆ, ತೆನೆ ಹಾಲುಗಟ್ಟುವ ಹೊತ್ತಿಗೆ ಹೊಲದ ನಡುವೆ ಅಟ್ಟಣಿಗೆ ಹಾಕಿ ಹಕ್ಕಿ ಕಾಯುತ್ತಾನೆ. ಬೆಳೆ ಕೈಗೆ ಬರುವ ತನಕ ಅವನ ಕಣ್ಣು ಹೊಲದ ಮೇಲಿರುತ್ತದೆ. ಮನೆಯಲ್ಲಿ ಬೆಳೆಯುವ ಮಕ್ಕಳ ಮೇಲೆಯೂ ನಮ್ಮ ಕಣ್ಣು ಹಾಗೆಯೇ ಇದ್ದಿತು. ಅವರು ಯಾರ ಸಂಗಡ ಆಡುತ್ತಾರೆ, ಯಾವ ಓಣಿಗೆ ಹೋಗುತ್ತಾರೆ ಎಂಬುದು ನಮಗೆ ಗೊತ್ತಿರುತ್ತಿತ್ತು. ಆದರೆ ಅವರ ಕೈಗೆ ಮೊಬೈಲು ಬಂದ ಮೇಲೆ ಅವರು ಮನೆಯ ಪಡಸಾಲೆಯಲ್ಲಿ ಕುಳಿತೇ ನಾವು ಕಾಣದ ಊರಿಗೆ ಹೋಗಿ ಬರುತ್ತಿದ್ದಾರೆ. ಆ ಊರಿನಲ್ಲಿ ಒಳ್ಳೆಯವರಿದ್ದಾರೆ, ಕೆಟ್ಟವರೂ ಇದ್ದಾರೆ.

ಕನ್ನೊಳ್ಳಿ ಹಾಗೂ ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಹಳ್ಳಿಗಳಲ್ಲಿ ಇಂದು ಮೊಬೈಲಿಲ್ಲದ ಮನೆ ಹುಡುಕುವುದು ಕಷ್ಟ. ಆದುದರಿಂದ ಈ ವಿಷಯವನ್ನು ಪಟ್ಟಣದವರ ಚಿಂತೆಯೆಂದು ಬಿಡುವಂತಿಲ್ಲ. ಅಂತರ್ಜಾಲದಲ್ಲಿ ಮಕ್ಕಳಿಗೆ ಒದಗುವ ಅಪಾಯವೇನು, ಅದನ್ನು ಮಕ್ಕಳು ನಮಗೆ ಏಕೆ ಹೇಳುವುದಿಲ್ಲ, ಹೇಳುವಂತಾಗಲು ನಾವು ಮತ್ತು ನಮ್ಮ ಗ್ರಾಮ ಪಂಚಾಯತಿ ಏನು ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸಿದೆ. ಓದು ಬಲ್ಲವರು ಇದನ್ನು ಮನೆಯ ಹಿರಿಯರಿಗೂ ಓದಿ ಹೇಳಬೇಕೆಂದು ವಿನಂತಿ.

ಮೊಬೈಲು ಮನೆಗೆ ಬಂದ ಬಗೆ

2020ರಲ್ಲಿ ಕೊರೊನಾ ರೋಗ ಹಬ್ಬಿ ಶಾಲೆಗಳು ಮುಚ್ಚಿದವು. ಪಾಠಗಳು ದೂರದರ್ಶನದ ಚಂದನ ವಾಹಿನಿಯಲ್ಲಿಯೂ ಮೊಬೈಲಿನಲ್ಲಿಯೂ ಬರತೊಡಗಿದವು. ಶಿಕ್ಷಕರು ವಿದ್ಯಾಗಮ ಕಾರ್ಯಕ್ರಮದಲ್ಲಿ ಗುಡಿಯ ಕಟ್ಟೆ, ಗಿಡದ ನೆರಳಿನಲ್ಲಿ ಮಕ್ಕಳನ್ನು ಕೂಡಿಸಿ ಕಲಿಸಿದರು. ಆಗ ಎಷ್ಟೋ ಮಂದಿ ತಂದೆ ತಾಯಿಗಳು ಸಾಲ ಮಾಡಿ, ಕುರಿ ಮಾರಿ ಮಕ್ಕಳಿಗೆ ಮೊಬೈಲು ಕೊಡಿಸಿದರು. ಶಾಲೆಗಳು ಮತ್ತೆ ತೆರೆದವು. ಮೊಬೈಲು ಮಾತ್ರ ಮನೆಯಲ್ಲಿಯೇ ಉಳಿಯಿತು.

ಅದು ಉಳಿದದ್ದು ಕೆಟ್ಟದ್ದೆಂದು ಹೇಳಲಾಗದು. ಮಳೆಯ ಮುನ್ಸೂಚನೆ, ತೊಗರಿ ಹಾಗೂ ನಿಂಬೆಯ ಪೇಟೆ ಧಾರಣೆ, ಬೆಳೆ ವಿಮೆ, ಕಿಸಾನ್ ಸಮ್ಮಾನ್ ಹಣದ ವಿವರ ಎಲ್ಲವೂ ಅದರಲ್ಲಿವೆ. ದುಡಿಯಲು ಪುಣೆ, ಮುಂಬಯಿ, ಗೋವೆಗೆ ಹೋದ ತಂದೆ ತಾಯಿಗಳು ಅಜ್ಜ ಅಮ್ಮನ ಹತ್ತಿರ ಬಿಟ್ಟ ಮಕ್ಕಳ ಮುಖ ನೋಡುವುದೂ ಅದರಿಂದಲೇ. ಹತ್ತನೆಯ ಇಯತ್ತೆಯ ಹುಡುಗಿ ತಿಳಿಯದ ಲೆಕ್ಕವನ್ನು ಅದರಲ್ಲಿ ನೋಡಿ ಕಲಿಯುತ್ತಾಳೆ. ಆದುದರಿಂದ ಮೊಬೈಲನ್ನು ಒಡೆದು ಎಸೆಯಿರಿ ಎನ್ನುವುದು ಸರಿಯಾದ ಉಪದೇಶವಲ್ಲ.

ನಮ್ಮ ಹೊಲಗಳಲ್ಲಿ ಬಾವಿಗಳಿವೆ. ಮಗು ಬಾವಿಗೆ ಬಿದ್ದೀತೆಂದು ಯಾರೂ ಬಾವಿ ಮುಚ್ಚುವುದಿಲ್ಲ. ಸುತ್ತಲೂ ಕಟ್ಟೆ ಕಟ್ಟುತ್ತಾರೆ. ಮಗು ತುಸು ಬೆಳೆದ ಮೇಲೆ ನಡುವಿಗೆ ಹಗ್ಗ ಬಿಗಿದು, ಬೆನ್ನಿಗೆ ಒಣ ಸೋರೆಯ ಬುರುಡೆ ಕಟ್ಟಿ, ತಾವೇ ನೀರಿಗಿಳಿದು ಈಜು ಕಲಿಸುತ್ತಾರೆ. ಅಂತರ್ಜಾಲಕ್ಕೂ ಈ ಎರಡೂ ಬೇಕು. ಕಾನೂನು ಮತ್ತು ಕಾವಲು ಕಟ್ಟೆಯಿದ್ದಂತೆ; ತಿಳಿವಳಿಕೆ ಈಜು ಇದ್ದಂತೆ. ಒಂದಿದ್ದು ಇನ್ನೊಂದಿಲ್ಲದಿದ್ದರೆ ಮಗುವಿಗೆ ರಕ್ಷಣೆಯಿಲ್ಲ.

ಅಪಾಯ ಬರುವ ದಾರಿ

ಕೇಡು ಮಾಡುವವನು ಮೊದಲ ದಿನವೇ ಕೆಟ್ಟವನಾಗಿ ಕಾಣಿಸಿಕೊಳ್ಳುವುದಿಲ್ಲ. ಮಗು ಮೊಬೈಲಿನಲ್ಲಿ ಆಟವಾಡುವಾಗ ಜೊತೆಗಾರನಾಗಿ ಬರುತ್ತಾನೆ. ತಾನೂ ಅದೇ ವಯಸ್ಸಿನವನೆಂದು ಹೇಳುತ್ತಾನೆ. ಹುಡುಗಿಯ ಹೆಸರು, ಹುಡುಗಿಯ ಚಿತ್ರ ಇಟ್ಟುಕೊಂಡ ಗಂಡಸೂ ಆಗಿರಬಹುದು. ಹೊಗಳುತ್ತಾನೆ. ಮನೆಯಲ್ಲಿ ಬೈದರೆ ಸಮಾಧಾನ ಹೇಳುತ್ತಾನೆ. ಆಟದೊಳಗಿನ ಬಹುಮಾನವನ್ನೋ ಮೊಬೈಲಿನ ರಿಚಾರ್ಜನ್ನೋ ಕೊಡಿಸುತ್ತಾನೆ. ಬಳಿಕ, ಇಲ್ಲಿ ಬೇಡ, ಬೇರೆ ಕಡೆ ಇಬ್ಬರೇ ಮಾತನಾಡೋಣ ಎನ್ನುತ್ತಾನೆ. ಇದನ್ನು ಯಾರಿಗೂ ಹೇಳಬೇಡ ಎನ್ನುತ್ತಾನೆ. ಕೊನೆಗೆ ಒಂದು ಚಿತ್ರ ಕೇಳುತ್ತಾನೆ. ಚಿತ್ರ ಕೈಗೆ ಬಂದ ಕ್ಷಣದಿಂದ ಅವನ ಮಾತೇ ಬೇರೆ. ಇನ್ನಷ್ಟು ಕಳುಹಿಸು, ಹಣ ಕೊಡು, ಇಲ್ಲವಾದರೆ ನಿನ್ನ ಅಪ್ಪನಿಗೂ ಊರಿಗೂ ಕಳುಹಿಸುತ್ತೇನೆ ಎಂದು ಹೆದರಿಸುತ್ತಾನೆ.

ನಮ್ಮ ಜಾತ್ರೆಗಳ ದನದ ಪೇಟೆಯಲ್ಲಿ ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಮಾಡುವುದನ್ನು ನೀವು ಬಲ್ಲಿರಿ. ಸುತ್ತ ಹತ್ತು ಜನ ನಿಂತಿದ್ದರೂ ಒಳಗಿನ ಬೆಲೆ ಅವರಿಗೆ ತಿಳಿಯದು. ಮೊಬೈಲಿನ ಗುಟ್ಟಿನ ಮಾತುಕತೆಯೂ ಹಾಗೆಯೇ. ಮಗು ತಾಯಿಯ ಮಗ್ಗುಲಲ್ಲಿಯೇ ಕುಳಿತಿರುತ್ತದೆ. ನಡೆಯುವ ವ್ಯಾಪಾರ ತಾಯಿಗೆ ಕಾಣುವುದಿಲ್ಲ. ವಸ್ತ್ರದ ಮರೆಯ ವ್ಯಾಪಾರದಲ್ಲಿ ಇಬ್ಬರೂ ಬಲ್ಲವರು. ಇಲ್ಲಿ ಒಬ್ಬನು ಬಲ್ಲವನು, ಇನ್ನೊಂದು ಏನೂ ಅರಿಯದ ಮಗು.

ಇಂದು ಮಗು ಏನೂ ಕಳುಹಿಸದಿದ್ದರೂ ಕೇಡು ತಪ್ಪದು. ಹಬ್ಬದ ದಿನ ತೆಗೆದ ಒಂದು ಮುಖದ ಚಿತ್ರ ಸಿಕ್ಕರೆ ಸಾಕು. ಅದನ್ನು ಬೇರೊಂದು ಮೈಗೆ ಅಂಟಿಸಿ ಸುಳ್ಳು ಚಿತ್ರ ಮಾಡುವ ಯಂತ್ರವಿದ್ಯೆ ಬಂದಿದೆ. ಹೀಗಿರುವಾಗ ಚಿತ್ರ ನೋಡಿದೊಡನೆ ಮಗುವಿನ ಮೇಲೆ ತಪ್ಪು ಹೊರಿಸುವುದು ಅನ್ಯಾಯ.

ಎರಡನೆಯ ಅಪಾಯ ಹಣದ್ದು. ಅಪ್ಪನ ಮೊಬೈಲಿನಲ್ಲಿಯೇ ಬ್ಯಾಂಕಿನ ಖಾತೆ, ಅದರಲ್ಲಿಯೇ ಮಗನ ಆಟ. ಬೆಳೆಸಾಲದ ಹಣವಿರಲಿ, ತೊಗರಿ ಮಾರಿದ ಹಣವಿರಲಿ, ಗುಪ್ತ ಸಂಖ್ಯೆ ಮಗನಿಗೆ ಗೊತ್ತಿದ್ದರೆ ಒಂದು ರಾತ್ರಿಯಲ್ಲಿ ಹೋಗಬಹುದು. ಹಣ ಕಟ್ಟಿ ಆಡುವ ಅಂತರ್ಜಾಲದ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟದಲ್ಲಿ ಅಂಗೀಕರಿಸಿತು. ಆದರೂ ಕಳ್ಳದಾರಿಯಿಂದ ಇಂಥ ಆಟಗಳು ಬರುತ್ತಲೇ ಇರುತ್ತವೆ. ಕಾನೂನು ಕಟ್ಟೆ ಕಟ್ಟೀತು; ಕಣ್ಣು ನಾವೇ ಇಡಬೇಕು.

ಮೂರನೆಯದು ಸುಳ್ಳು ಸುದ್ದಿ. ಇದರಲ್ಲಿ ದೊಡ್ಡವರೇ ಮಕ್ಕಳಿಗೆ ಕೆಟ್ಟ ಮೇಲ್ಪಂಕ್ತಿ ಹಾಕಿದ್ದೇವೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಸಂದೇಶಗಳು ವಾಟ್ಸ್ಆ್ಯಪಿನಲ್ಲಿ ಊರಿಂದೂರಿಗೆ ಹಬ್ಬಿದವು. ಅದೇ ವರ್ಷದ ಜುಲೈ 13ರಂದು ಬೀದರ ಜಿಲ್ಲೆಯಲ್ಲಿ ಹೈದರಾಬಾದಿನಿಂದ ಬಂದಿದ್ದ ಗೆಳೆಯರ ಗುಂಪೊಂದು ಶಾಲೆಯ ಮಕ್ಕಳಿಗೆ ಚಾಕೊಲೇಟು ಕೊಟ್ಟಿತು. ಅವರೇ ಮಕ್ಕಳ ಕಳ್ಳರೆಂಬ ಸುದ್ದಿ ಕ್ಷಣಾರ್ಧದಲ್ಲಿ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಮುರ್ಕಿ ಗ್ರಾಮದ ಹತ್ತಿರ ಜನ ಅವರನ್ನು ತಡೆದು ಹೊಡೆದರು. ಏನೂ ತಪ್ಪು ಮಾಡದ ಒಬ್ಬ ಯುವಕ ಪ್ರಾಣ ಕಳೆದುಕೊಂಡನು, ಉಳಿದವರು ಗಾಯಗೊಂಡರು. ಹೊಡೆದವರು ಮಕ್ಕಳನ್ನು ಕಾಯುತ್ತಿದ್ದೇವೆಂದೇ ತಿಳಿದಿದ್ದರು. ಆ ತಿಂಗಳಲ್ಲಿಯೇ ವಾಟ್ಸ್ಆ್ಯಪ್ ಕಂಪನಿಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ದಾಟಿಸದಂತೆ ಮಿತಿ ಹಾಕಿತು. ನಿಜವೋ ಸುಳ್ಳೋ ಎಂದು ವಿಚಾರಿಸದೆ ಮುಂದೆ ಕಳುಹಿಸುವ ಚಾಳಿಯನ್ನು ನಾವು ಬಿಡದೆ ಮಕ್ಕಳಿಗೆ ಬಿಡಿರೆನ್ನುವುದು ಹೇಗೆ?

ಮಗು ಏಕೆ ಬಾಯಿ ಬಿಡುವುದಿಲ್ಲ?

ಬೆದರಿಸುವವನ ಬಲವೆಲ್ಲ ಒಂದೇ ನಂಬಿಕೆಯ ಮೇಲೆ ನಿಂತಿದೆ: ಈ ಮಗು ಮನೆಯಲ್ಲಿ ಹೇಳುವುದಿಲ್ಲ ಎಂಬುದು. ಆ ನಂಬಿಕೆಯನ್ನು ಅವನಿಗೆ ಕೊಟ್ಟವರು ಯಾರು? ವಿಚಾರ ಮಾಡಿರಿ.

ಹುಡುಗನೊಬ್ಬ ಹೇಳಿದರೆ ಪೆಟ್ಟು ಬೀಳುತ್ತದೆ, ಮೊಬೈಲು ಕಸಿದುಕೊಳ್ಳುತ್ತಾರೆ. ಹುಡುಗಿ ಹೇಳಿದರೆ ಅದಕ್ಕಿಂತ ಹೆಚ್ಚಿನದು ಕಾದಿರುತ್ತದೆ. ಅವಳನ್ನು ಶಾಲೆ ಬಿಡಿಸುತ್ತಾರೆ. ಊರಲ್ಲಿ ಸುದ್ದಿಯಾಗುವ ಮೊದಲು ಎಲ್ಲಿಯಾದರೂ ಕೊಟ್ಟುಬಿಡೋಣ ಎಂದು ವರನನ್ನು ಹುಡುಕತೊಡಗುತ್ತಾರೆ. ಕೇಡು ಮಾಡಿದವನು ಎಲ್ಲಿಯೋ ಸುಖವಾಗಿರುತ್ತಾನೆ. ಶಿಕ್ಷೆ ಮಾತ್ರ ಮಗಳಿಗೆ. ಇದನ್ನು ನೋಡಿದ ಅವಳ ತಂಗಿಯೂ, ಓಣಿಯ ಗೆಳತಿಯರೂ ಒಂದು ಪಾಠ ಕಲಿಯುತ್ತಾರೆ. ಏನೇ ಆಗಲಿ, ಮನೆಯಲ್ಲಿ ಹೇಳಬಾರದು ಎಂಬುದೇ ಆ ಪಾಠ. ಮುಂದೆ ಬೆದರಿಸುವವನಿಗೆ ಕೆಲಸ ಇನ್ನೂ ಸುಲಭ.

ಹದಿನೆಂಟು ತುಂಬದ ಹುಡುಗಿಯ ಮದುವೆ ಅಪರಾಧವೆಂಬುದು ಎಲ್ಲರಿಗೂ ತಿಳಿದ ಸಂಗತಿ. ಕರ್ನಾಟಕವು 2016ರಲ್ಲಿ ಮಾಡಿದ ತಿದ್ದುಪಡಿಯಂತೆ ಇಂಥ ಮದುವೆ ನಮ್ಮ ರಾಜ್ಯದಲ್ಲಿ ಮೊದಲಿನಿಂದಲೇ ಅಸಿಂಧು. ಅದು ಕಾನೂನಿನ ಮಾತಾಯಿತು. ಮನೆಯ ಮಾತಾಗಿ ನೋಡಿದರೂ, ಕಳ್ಳನು ಕಣದಲ್ಲಿ ಕಾಳು ಕದ್ದನೆಂದು ಹೊಲವನ್ನೇ ಮಾರಿಬಿಡುವ ರೈತನನ್ನು ಯಾರಾದರೂ ಕಂಡಿದ್ದೀರಾ?

ಮಾತಾಡಲು ಹೊರಟ ಮಕ್ಕಳು

ಮಕ್ಕಳು ತಮ್ಮ ಕಷ್ಟವನ್ನು ತಾವೇ ಹೇಳಬಲ್ಲರೇ, ಹೇಳಿದರೆ ಯಾರು ಕೇಳುತ್ತಾರೆ ಎಂದು ಕೆಲವರಿಗೆ ಸಂಶಯ ಬರಬಹುದು. ಇದಕ್ಕೆ ಉತ್ತರ ನಮ್ಮ ರಾಜ್ಯದಲ್ಲಿಯೇ ಇದೆ.

1990ರಲ್ಲಿ ಕರ್ನಾಟಕದ ದುಡಿಯುವ ಮಕ್ಕಳು ಭೀಮ ಸಂಘವೆಂಬ ತಮ್ಮದೇ ಸಂಘವನ್ನು ಕಟ್ಟಿದರು. ಹೋಟೆಲಿನಲ್ಲಿ ಲೋಟ ತೊಳೆಯುವವರು, ಮನೆಗೆಲಸದವರು, ಹೊಲದಲ್ಲಿ ದುಡಿಯುವವರು ಅದರ ಸದಸ್ಯರು. 1995ರಲ್ಲಿ ಉಡುಪಿ ಕಡೆಯ ಕುಂದಾಪುರ ತಾಲೂಕಿನಲ್ಲಿ ಮಕ್ಕಳ ಪಂಚಾಯತಿಗಳು ಹುಟ್ಟಿದವು. ಮಕ್ಕಳೇ ಮತ ಹಾಕಿ ತಮ್ಮ ಪ್ರತಿನಿಧಿಗಳನ್ನು ಆರಿಸಿದರು. ಮಳೆಗಾಲದಲ್ಲಿ ಹಳ್ಳ ದಾಟಿ ಶಾಲೆಗೆ ಹೋಗಲು ಕಾಲುಸಂಕ ಬೇಕೆಂಬಂಥ ಬೇಡಿಕೆಗಳನ್ನು ದೊಡ್ಡವರ ಪಂಚಾಯತಿಯ ಮುಂದೆ ಇಟ್ಟರು. ಆ ಹಳ್ಳವನ್ನು ದಿನವೂ ದಾಟುವವರು ಮಕ್ಕಳು. ಆದುದರಿಂದ ಅದರ ಆಳ ಅವರಿಗೆ ಗೊತ್ತಿತ್ತು.

1996ರ ಕೊನೆಯಲ್ಲಿ 33 ದೇಶಗಳ ದುಡಿಯುವ ಮಕ್ಕಳ ಪ್ರತಿನಿಧಿಗಳು ಅದೇ ಕುಂದಾಪುರಕ್ಕೆ ಬಂದು ಸಭೆ ಸೇರಿದರು. ಹತ್ತು ಅಂಶಗಳ ಘೋಷಣೆಯೊಂದನ್ನು ಮಾಡಿದರು. ನಮ್ಮ ಸಮಸ್ಯೆಗಳನ್ನೂ ನಮ್ಮ ಸಲಹೆಗಳನ್ನೂ ದೊಡ್ಡವರು ಗಣನೆಗೆ ತೆಗೆದುಕೊಳ್ಳಬೇಕು ಎಂಬುದು ಅದರ ತಿರುಳಾಗಿತ್ತು. ಮರುವರ್ಷ, 1997ರಲ್ಲಿ, ಹಾಲೆಂಡಿನ ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ಬಾಲದುಡಿಮೆಯ ಬಗ್ಗೆ ಸರಕಾರಗಳ ದೊಡ್ಡ ಸಮ್ಮೇಳನ ನಡೆಯಿತು. ಮಂತ್ರಿಗಳು ಕೂಡಿದ ಆ ಸಭೆಗೆ ಹೋದ ಮಕ್ಕಳ ಪ್ರತಿನಿಧಿಗಳಲ್ಲಿ ಭೀಮ ಸಂಘದವರೂ ಇದ್ದರು. ಕನ್ನಡನಾಡಿನ ಹಳ್ಳಿಯ ಮಗು ಕಡಲು ದಾಟಿ ಹೋಗಿ ತನ್ನವರ ಪರವಾಗಿ ಮಾತನಾಡಿತೆಂಬುದು ಸಣ್ಣ ಸಂಗತಿಯಲ್ಲ.

ಅದೇ ದಾರಿ ಇಂದು ಅಂತರ್ಜಾಲದ ವಿಷಯಕ್ಕೂ ತೆರೆದಿದೆ. ವಿಶ್ವಸಂಸ್ಥೆಯು 1989ರಲ್ಲಿ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಒಪ್ಪಿತು; ಭಾರತವು 1992ರಲ್ಲಿ ಅದಕ್ಕೆ ಸೇರಿತು. ತನಗೆ ಸಂಬಂಧಿಸಿದ ವಿಷಯದಲ್ಲಿ ಮಾತನಾಡುವ ಹಕ್ಕು ಮಗುವಿಗೆ ಇದೆಯೆಂದು ಅದರ 12ನೆಯ ವಿಧಿ ಹೇಳುತ್ತದೆ. 2021ರಲ್ಲಿ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿಯು, ಅಂತರ್ಜಾಲದ ಲೋಕದಲ್ಲಿ ಮಕ್ಕಳನ್ನು ಹೇಗೆ ಕಾಯಬೇಕು ಎಂಬುದರ ಬಗ್ಗೆ ಎಲ್ಲ ದೇಶಗಳಿಗೂ ಮಾರ್ಗದರ್ಶನ ನೀಡಿತು. ಅದನ್ನು ಬರೆಯುವ ಮೊದಲು ಅನೇಕ ದೇಶಗಳ 700ಕ್ಕೂ ಹೆಚ್ಚು ಮಕ್ಕಳನ್ನು ಕೇಳಿ ತಿಳಿಯಿತು. ಅಂತರ್ಜಾಲದಿಂದ ತಮಗಾಗುವ ಉಪಕಾರವನ್ನೂ ಅಲ್ಲಿ ತಮಗೆ ಬೇಕಾದ ರಕ್ಷಣೆಯನ್ನೂ ಆ ಮಕ್ಕಳು ಒಟ್ಟಿಗೆ ಹೇಳಿದರು. ಆ ದೊಡ್ಡ ಸಮಿತಿಯೇ ಮಕ್ಕಳನ್ನು ಕೇಳಿ ಬರೆಯಿತೆಂದ ಮೇಲೆ ನಾವು ಕೇಳಲು ಸಂಕೋಚವೇಕೆ?

ನಮ್ಮೂರಿನಲ್ಲಿಯೇ ಇರುವ ಸಭೆ

ನಿಮ್ಮ ಮಗಳು ಜಿನೀವಕ್ಕೆ ಹೋಗಬೇಕಾಗಿಲ್ಲ. ಬೆಂಗಳೂರಿಗೂ ಹೋಗಬೇಕಾಗಿಲ್ಲ. ಶಾಲೆಯಿಂದ ಪಂಚಾಯತಿಯ ಕಟ್ಟೆಯವರೆಗೆ ಬಂದರೆ ಸಾಕು. ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ 2006ರ ಸುತ್ತೋಲೆಯಂತೆ ಕರ್ನಾಟಕದ ಪ್ರತಿಯೊಂದು ಗ್ರಾಮ ಪಂಚಾಯತಿಯೂ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸತಕ್ಕದ್ದು. ಸಾಮಾನ್ಯವಾಗಿ ಮಕ್ಕಳ ದಿನಾಚರಣೆಯ ನವೆಂಬರದಿಂದ ಜನವರಿಯ ಒಳಗೆ ಈ ಸಭೆಗಳು ನಡೆಯುತ್ತವೆ. ಅಧ್ಯಕ್ಷರು, ಸದಸ್ಯರು, ಪಂಚಾಯತಿ ಅಭಿವೃದ್ಧಿ ಅಧಿಕಾರಿ, ಶಾಲೆ ಹಾಗೂ ಅಂಗನವಾಡಿಯವರು, ಆರೋಗ್ಯ ಇಲಾಖೆಯವರು ಕೂಡಿ ಮಕ್ಕಳ ಮಾತು ಕೇಳುತ್ತಾರೆ, ಉತ್ತರ ಕೊಡುತ್ತಾರೆ.

ಇದುವರೆಗೆ ಇಂಥ ಸಭೆಗಳಲ್ಲಿ ಮಕ್ಕಳು ಶೌಚಾಲಯ, ಕುಡಿಯುವ ನೀರು, ಆಟದ ಬಯಲು, ಬಸ್ಸು ಮುಂತಾದವನ್ನು ಕೇಳುತ್ತ ಬಂದಿದ್ದಾರೆ. ಅವೆಲ್ಲ ಕಣ್ಣಿಗೆ ಕಾಣುವ ಕೊರತೆಗಳು. ಮೊಬೈಲಿನ ಅಪಾಯ ಕಣ್ಣಿಗೆ ಕಾಣದು. ಆದುದರಿಂದಲೇ ಅದು ಸಭೆಯ ಪಟ್ಟಿಗೆ ಬರಬೇಕು.

ಕನ್ನೊಳ್ಳಿಯ ಶಾಲೆಯ ಮಕ್ಕಳಾಗಲಿ, ಸುತ್ತಲಿನ ಯಾವುದೇ ಹಳ್ಳಿ ಅಥವಾ ತಾಂಡಾದ ಮಕ್ಕಳಾಗಲಿ, ತಮ್ಮ ಸಭೆಯಲ್ಲಿ ಏನು ಕೇಳಬಹುದು? ಖರ್ಚಿಲ್ಲದ, ಪಂಚಾಯತಿಯ ಕೈಯಳತೆಯ ಐದು ಬೇಡಿಕೆಗಳು ಇಲ್ಲಿವೆ.

1. ವರ್ಷಕ್ಕೆ ಎರಡು ಸಲ, ಜಿಲ್ಲೆಯ ಸೈಬರ್ ಅಪರಾಧಗಳ ಪೊಲೀಸ್ ಠಾಣೆಯವರನ್ನು ಕರೆಸಿ ಶಾಲೆಯಲ್ಲಿ ಪಾಠ ಹೇಳಿಸಬೇಕು.

2. ಅದೇ ದಿನ ಸಂಜೆ, ಹೊಲದ ಕೆಲಸ ಮುಗಿದ ಮೇಲೆ, ತಂದೆ ತಾಯಿಗಳಿಗೂ ಅಜ್ಜ ಅಮ್ಮಂದಿರಿಗೂ ಅದೇ ಪಾಠ ಆಗಬೇಕು.

3. ಸಹಾಯವಾಣಿಯ ಸಂಖ್ಯೆಗಳನ್ನು ಶಾಲೆ, ಪಂಚಾಯತಿ, ಬಸ್ ನಿಲ್ದಾಣಗಳ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಸಬೇಕು.

4. ಪಂಚಾಯತಿಯ ಗ್ರಂಥಾಲಯ, ಅಂದರೆ ಅರಿವು ಕೇಂದ್ರದ ಕಂಪ್ಯೂಟರಿನಲ್ಲಿ ಮೇಲ್ವಿಚಾರಕರ ಎದುರಿಗೆ ಮಕ್ಕಳು ಅಂತರ್ಜಾಲ ಬಳಸಿ ಕಲಿಯಲು ಸಮಯ ಗೊತ್ತುಮಾಡಬೇಕು.

5. ಮಕ್ಕಳು ಗುಟ್ಟಾಗಿ ತಮ್ಮ ಕಷ್ಟ ಹೇಳಿಕೊಳ್ಳಲು ಶಿಕ್ಷಕಿ, ಆಶಾ ಕಾರ್ಯಕರ್ತೆ ಅಥವಾ ಅಂಗನವಾಡಿ ಕಾರ್ಯಕರ್ತೆ, ಇವರಲ್ಲಿ ಮಕ್ಕಳು ನಂಬುವ ಒಬ್ಬರನ್ನು ಹೆಸರಿಸಬೇಕು.

ಹಿಂದಿನ ಸಭೆಯ ಬೇಡಿಕೆಗಳಲ್ಲಿ ಯಾವುದು ಆಯಿತು, ಯಾವುದು ಆಗಲಿಲ್ಲ ಎಂಬ ವರದಿಯನ್ನೂ ಮಕ್ಕಳು ಕೇಳಲಿ. ಉತ್ತರವಿಲ್ಲದ ಸಭೆ ಬಿತ್ತದೆ ಬಿಟ್ಟ ಹೊಲದಂತೆ.

ಒಂದು ಎಚ್ಚರಿಕೆ ಅವಶ್ಯ. ಕೇಡಿಗೆ ಗುರಿಯಾದ ಮಗುವನ್ನು ಸಭೆಯಲ್ಲಿ ನಿಲ್ಲಿಸಿ ಅದರ ಕಥೆಯನ್ನು ಹೇಳಿಸಬಾರದು. ಅಂಥ ಮಗುವಿನ ಗುರುತನ್ನು ಬಯಲು ಮಾಡುವುದು ಅಪರಾಧ. ಸಭೆಗೆ ಮೊದಲೇ ಶಾಲೆಯಲ್ಲಿ ಒಂದು ಪೆಟ್ಟಿಗೆ ಇಟ್ಟು, ಹೆಸರು ಬರೆಯದ ಚೀಟಿಗಳನ್ನು ಮಕ್ಕಳಿಂದ ಹಾಕಿಸಿರಿ. ಚೀಟಿಗಳ ಸಾರವನ್ನು ಮಕ್ಕಳ ಪ್ರತಿನಿಧಿ ಓದಲಿ. ಹೀಗೆ ಮಾತು ಹೊರಗೆ ಬರುತ್ತದೆ, ಮಗುವಿನ ಮಾನವೂ ಉಳಿಯುತ್ತದೆ.

ಪ್ರತಿನಿಧಿಯನ್ನು ಆರಿಸುವಾಗ ಭಾಷಣ ಮಾಡಬಲ್ಲ ಮಕ್ಕಳನ್ನಷ್ಟೇ ಕಳುಹಿಸಬೇಡಿರಿ. ಕುರಿ ಕಾಯುತ್ತ ಮೊಬೈಲು ಹಿಡಿದ ಹುಡುಗನಿಗೂ, ತಂದೆ ತಾಯಿ ದುಡಿಯಲು ಹೋದ ಮನೆಯಲ್ಲಿ ಅಜ್ಜಿಯ ಹತ್ತಿರ ಇರುವ ಹುಡುಗಿಗೂ ಗೊತ್ತಿರುವುದು ಬೇರೆಯವರಿಗೆ ಗೊತ್ತಿಲ್ಲ. ಆ ದಿನ ತೊಗರಿ ಕೊಯ್ಲಿದೆ, ತಮ್ಮನನ್ನು ನೋಡಿಕೊಳ್ಳಬೇಕು ಎಂದು ಮಗಳನ್ನು ಮನೆಯಲ್ಲಿ ನಿಲ್ಲಿಸಬೇಡಿರಿ. ಸಾಧ್ಯವಾದರೆ ನೀವೂ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತು ಕೇಳಿರಿ.

ಮನೆಯಲ್ಲಿ ಮಾಡತಕ್ಕ ಕೆಲಸ

ಸಭೆ ವರ್ಷಕ್ಕೊಮ್ಮೆ, ಮನೆ ದಿನವೂ ಇರುತ್ತದೆ. ಓದು ಬಾರದ ತಂದೆ ತಾಯಿಗಳೂ ಮಾಡಬಹುದಾದ ಕೆಲಸಗಳಿವೆ.

ರಾತ್ರಿ ಊಟದ ಹೊತ್ತಿಗೆ ಮನೆಯ ಎಲ್ಲ ಮೊಬೈಲುಗಳೂ ಒಂದು ಗೂಡಿನಲ್ಲಿ ಕೂಡಲಿ, ದೊಡ್ಡವರದೂ ಸಹ. ಮಲಗುವಾಗ ಮಕ್ಕಳ ಹಾಸಿಗೆಯಲ್ಲಿ ಮೊಬೈಲು ಬೇಡ. ಸಣ್ಣ ಮಕ್ಕಳು ಪಡಸಾಲೆಯಲ್ಲಿ, ನಾಲ್ಕು ಜನರ ನಡುವೆ ಕುಳಿತು ನೋಡಲಿ.

ಬ್ಯಾಂಕಿನ ಗುಪ್ತ ಸಂಖ್ಯೆಯನ್ನು ಮಕ್ಕಳಿಗೆ ಹೇಳಬೇಡಿರಿ. ಅವರ ಎದುರಿಗೆ ಒತ್ತಬೇಡಿರಿ. ಮೊಬೈಲಿಗೆ ಬರುವ ಒಟಿಪಿಯನ್ನು ಯಾರು ಕೇಳಿದರೂ ಹೇಳಬಾರದೆಂದು ಮಕ್ಕಳಿಗೂ ಕಲಿಸಿರಿ. ಹಣದ ವ್ಯವಹಾರಕ್ಕೆ ಒಂದು ಮೊಬೈಲು, ಮಕ್ಕಳ ಓದಿಗೆ ಇನ್ನೊಂದು ಇದ್ದರೆ ಒಳ್ಳೆಯದು.

ವಾಟ್ಸ್ಆ್ಯಪಿನಲ್ಲಿ ಗುರುತಿಲ್ಲದವರು ತಮ್ಮ ಗುಂಪಿಗೆ ಮಕ್ಕಳನ್ನು ಸೇರಿಸದಂತೆ ತಡೆಯುವ ಅನುಕೂಲವಿದೆ. ಮಕ್ಕಳ ಮೊಬೈಲನ್ನು ತಂದೆ ತಾಯಿಗಳ ಮೊಬೈಲಿಗೆ ಜೋಡಿಸಿ ಸಮಯದ ಮಿತಿ ಹಾಕಲು ಗೂಗಲ್ ಕಂಪನಿಯ ಫ್ಯಾಮಿಲಿ ಲಿಂಕ್ ಎಂಬ ಸಾಧನವಿದೆ; ಅದಕ್ಕೆ ಹಣ ಕೊಡಬೇಕಾಗಿಲ್ಲ. ಇವನ್ನು ನಿಮಗೆ ಮಾಡಲು ಬಾರದಿದ್ದರೆ ಶಿಕ್ಷಕರನ್ನೋ ಅರಿವು ಕೇಂದ್ರದವರನ್ನೋ ಕೇಳಿರಿ. ಮಗಳನ್ನೇ ಹತ್ತಿರ ಕೂಡಿಸಿಕೊಂಡು, ನನಗೆ ತೋರಿಸವ್ವಾ ಎಂದರೆ ಇನ್ನೂ ಒಳ್ಳೆಯದು. ಕಲಿಸುವವಳು ಮಗಳು, ಕಲಿಯುವವನು ಅಪ್ಪ ಎಂದಾದಾಗ ಮನೆಯಲ್ಲಿ ಮಾತು ಬೆಳೆಯುತ್ತದೆ. ಗುಟ್ಟಾಗಿ ಮೊಬೈಲು ತಪಾಸಣೆ ಮಾಡುವ ಅಪ್ಪನಿಗಿಂತ ಕೂಡಿ ನೋಡುವ ಅಪ್ಪನಿಗೆ ಹೆಚ್ಚು ತಿಳಿಯುತ್ತದೆ.

ಮಕ್ಕಳಿಗೆ ಮೂರು ಮಾತು ಬಾಯಿಪಾಠವಾಗಲಿ. ಕಂಡರಿಯದವನಿಗೆ ಊರು, ಶಾಲೆ, ಚಿತ್ರ ಕೊಡಬಾರದು. ಯಾರಿಗೂ ಹೇಳಬೇಡ ಎಂದವನ ಮಾತನ್ನೇ ಮೊದಲು ಮನೆಯಲ್ಲಿ ಹೇಳಬೇಕು. ತಪ್ಪಾದರೂ ಮನೆಯ ಬಾಗಿಲು ನನಗೆ ತೆರೆದಿದೆ.

ಮೂರನೆಯ ಮಾತು ನಿಜವಾಗುವುದು ನಿಮ್ಮ ಕೈಯಲ್ಲಿದೆ. ಮಗಳು ನಡುಗುತ್ತ ಬಂದು, "ಅಪ್ಪಾ, ಯಾರೋ ನನ್ನ ಚಿತ್ರ ಇಟಗೊಂಡು ಅಂಜಸಾಕತ್ಯಾರ" ಎಂದರೆ ನಿಮ್ಮ ಬಾಯಿಂದ ಬರುವ ಮೊದಲ ಮಾತೇ ಎಲ್ಲವನ್ನೂ ತೀರ್ಮಾನಿಸುತ್ತದೆ. "ಹೇಳಿದ್ದು ಚಲೋ ಆತವ್ವಾ. ನಿನ್ನ ಸಾಲಿ ಬಿಡಸೂದಿಲ್ಲ. ಕೂಡೇ ನೋಡೂಣು" ಎಂದು ನೀವು ಅಂದರೆ, ದೂರ ಕುಳಿತು ಬೆದರಿಸುವವನ ಅರ್ಧ ಬಲ ಅಲ್ಲಿಯೇ ಇಳಿದುಹೋಗುತ್ತದೆ.

ಕೇಡು ಆದಾಗ

ಬೆದರಿಕೆ ಬಂದರೆ ಹಣ ಕೊಡಬೇಡಿರಿ, ಇನ್ನೊಂದು ಚಿತ್ರ ಕಳುಹಿಸಬೇಡಿರಿ. ಒಮ್ಮೆ ಕೊಟ್ಟರೆ ಮತ್ತೆ ಮತ್ತೆ ಕೇಳುತ್ತಾರೆ. ಸಿಟ್ಟಿನಿಂದ ಎಲ್ಲವನ್ನೂ ಅಳಿಸಿಹಾಕಬೇಡಿರಿ. ಬಂದ ಸಂದೇಶಗಳು, ಎದುರಿನವನ ಹೆಸರು, ಸಂಖ್ಯೆ ಇವೇ ಸಾಕ್ಷಿ. ಅವನ್ನು ಇದ್ದ ಹಾಗೆಯೇ ಇಟ್ಟುಕೊಂಡು ಬಳಿಕ ಅವನ ಸಂಪರ್ಕವನ್ನು ತಡೆಯಿರಿ. ಚಿತ್ರವನ್ನು ತೋರಿಸಲೆಂದು ಇತರರ ಮೊಬೈಲಿಗೆ ಕಳುಹಿಸಬೇಡಿರಿ. ಹಾಗೆ ಕಳುಹಿಸುವುದೂ ಅಪರಾಧವಾದೀತು.

1098 ಮಕ್ಕಳ ಸಹಾಯವಾಣಿ. ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು; ಮಗು ತಾನೇ ಮಾಡಬಹುದು. ಮೋಸದಿಂದ ಹಣ ಹೋದರೆ 1930 ಸಂಖ್ಯೆಗೆ ಕೂಡಲೇ ಕರೆ ಮಾಡಿರಿ. ಹೊತ್ತು ಕಳೆದಷ್ಟೂ ಹಣ ಕೈಯಿಂದ ಕೈಗೆ ದಾಟಿ ಹೋಗುತ್ತದೆ. ಬೇಗ ತಿಳಿಸಿದರೆ ನಡುವೆ ತಡೆಯಲು ಅನುಕೂಲ. ತುರ್ತು ಅಪಾಯಕ್ಕೆ 112. ಕೇಂದ್ರ ಸರಕಾರದ ಸೈಬರ್ ಅಪರಾಧ ದೂರು ಜಾಲತಾಣದಲ್ಲಿ ಮಕ್ಕಳ ಮೇಲಿನ ಇಂಥ ಅಪರಾಧಗಳನ್ನು ಹೆಸರು ಹೇಳದೆಯೂ ತಿಳಿಸಬಹುದು.

ಚಿತ್ರ ಹರಡೀತೆಂಬ ಭಯಕ್ಕೂ ಒಂದು ಉಪಾಯವಿದೆ. ಅಮೇರಿಕದ ಮಕ್ಕಳ ರಕ್ಷಣಾ ಸಂಸ್ಥೆಯೊಂದು ಟೇಕ್ ಇಟ್ ಡೌನ್ ಎಂಬ ಸೇವೆಯನ್ನು ನಡೆಸುತ್ತಿದೆ. ಹದಿನೆಂಟರೊಳಗಿನವರ ಇಂಥ ಚಿತ್ರಕ್ಕೆ ಅದು ಹೆಬ್ಬೆಟ್ಟಿನ ಗುರುತಿನಂಥ ಒಂದು ಗುರುತನ್ನು ಮಾಡುತ್ತದೆ. ಚಿತ್ರ ನಮ್ಮ ಮೊಬೈಲು ಬಿಟ್ಟು ಹೋಗುವುದಿಲ್ಲ. ಗುರುತು ಮಾತ್ರ ಹೋಗುತ್ತದೆ. ಈ ಸೇವೆಗೆ ಸೇರಿದ ಕಂಪನಿಗಳು ಆ ಗುರುತಿಗೆ ಹೊಂದುವ ಚಿತ್ರ ತಮ್ಮಲ್ಲಿ ಕಂಡರೆ ತೆಗೆದುಹಾಕಲು ಅದರಿಂದ ಸಾಧ್ಯವಾಗುತ್ತದೆ. ಎಲ್ಲ ಕಡೆಯೂ ಇದು ನಡೆಯದು, ಆದರೂ ಉಪಯೋಗವಿದೆ.

ಪೊಲೀಸರ ಬಳಿ ಹೋಗಲು ಹಿಂಜರಿಯುವವರು ಇದನ್ನು ತಿಳಿಯಬೇಕು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೋ ಕಾನೂನಿನಂತೆ ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿಯೇ, ಅಥವಾ ಮಗು ಬಯಸಿದ ಸ್ಥಳದಲ್ಲಿ, ಸಾಧ್ಯವಾದಷ್ಟು ಮಟ್ಟಿಗೆ ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಆಗ ಅಧಿಕಾರಿ ಸಮವಸ್ತ್ರದಲ್ಲಿ ಇರಬಾರದು. ರಾತ್ರಿ ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಅಪರಾಧ ನಡೆದದ್ದು ತಿಳಿದೂ ತಿಳಿಸದೆ ಇರುವುದು ಅದೇ ಕಾನೂನಿನಂತೆ ತಪ್ಪು. ಮಕ್ಕಳ ಅಶ್ಲೀಲ ಚಿತ್ರಗಳನ್ನು ಹರಡುವವರಿಗೆ ಮಾಹಿತಿ ತಂತ್ರಜ್ಞಾನ ಕಾನೂನಿನಲ್ಲಿ ಮೊದಲ ಸಲಕ್ಕೇ ಐದು ವರ್ಷದವರೆಗೆ ಸೆರೆವಾಸ, ಹತ್ತು ಲಕ್ಷ ರೂಪಾಯಿಯವರೆಗೆ ದಂಡವಿದೆ. ಇಂಥವನ್ನು ಬೇಕೆಂದು ನೋಡುವುದೂ ಇಟ್ಟುಕೊಳ್ಳುವುದೂ ಅಪರಾಧವೆಂದು ಸುಪ್ರೀಂ ಕೋರ್ಟು 2024ರ ಸೆಪ್ಟೆಂಬರದಲ್ಲಿ ಸ್ಪಷ್ಟಪಡಿಸಿದೆ. ಊರಿನ ಯುವಕರೂ ಇದನ್ನು ನೆನಪಿನಲ್ಲಿಡಬೇಕು.

ಕೊನೆಯದಾಗಿ

ಕೊಳವೆಬಾವಿಗೆ ಮುಚ್ಚಳ ಹಾಕಬೇಕೆಂಬ ಮಾತು ನಮ್ಮ ಜಿಲ್ಲೆಯವರಿಗೆ ಹೊಸದಲ್ಲ. ಬಾಯ್ದೆರೆದ ಕೊಳವೆಬಾವಿಗೆ ಮಕ್ಕಳು ಬಿದ್ದ ದುಃಖವನ್ನು ನಮ್ಮ ನಾಡು ಕಂಡಿದೆ. ಅಂಥ ದಿನ ಜಾತಿ ಮತವೆನ್ನದೆ, ಊರು ಕೇರಿಯೆನ್ನದೆ ಜನ ಓಡಿ ಬರುತ್ತಾರೆ. ಒಳಗಿನಿಂದ ಮಗುವಿನ ಧ್ವನಿ ಕೇಳುತ್ತದೆಯೇ ಎಂದು ಉಸಿರು ಬಿಗಿಹಿಡಿದು ಆಲಿಸುತ್ತಾರೆ. ಆ ಮಗು ಏಕೆ ಅಲ್ಲಿಗೆ ಹೋಯಿತೆಂದು ಆಗ ಯಾರೂ ಬೈಯುವುದಿಲ್ಲ. ಮೊದಲು ಮೇಲೆತ್ತಬೇಕೆನ್ನುತ್ತಾರೆ. ಮೊಬೈಲಿನ ಆಳಕ್ಕೆ ಬಿದ್ದ ಮಗುವಿನ ಧ್ವನಿಗೂ ಅದೇ ಕಿವಿ ಬೇಕು.

ಈ ವರ್ಷದ ಮಕ್ಕಳ ಗ್ರಾಮಸಭೆಯ ದಿನಾಂಕವನ್ನು ನಿಮ್ಮ ಪಂಚಾಯತಿಯಲ್ಲಿ ವಿಚಾರಿಸಿರಿ. ದಿನ ಗೊತ್ತಾಗಿರದಿದ್ದರೆ ಗೊತ್ತುಮಾಡಲು ಹೇಳಿರಿ. 1098 ಮತ್ತು 1930, ಈ ಎರಡು ಸಂಖ್ಯೆಗಳನ್ನು ಇಂದೇ ಮನೆಯ ಗೋಡೆಯ ಮೇಲೆ ಸುಣ್ಣದಲ್ಲಾದರೂ ಬರೆದಿಡಿರಿ. ಮತ್ತು ಇಂದು ಸಂಜೆ ಹೊಲದಿಂದ ಬಂದು ಕೈಕಾಲು ತೊಳೆದ ಮೇಲೆ ಮಗನನ್ನೋ ಮಗಳನ್ನೋ ಹತ್ತಿರ ಕರೆದು, ಮೊಬೈಲಿನಲ್ಲಿ ಈ ದಿನ ಏನು ನೋಡಿದಿ ಎಂದು ಕೇಳಿರಿ. ಬೈಯಲು ಕೇಳಬೇಡಿರಿ, ತಿಳಿಯಲು ಕೇಳಿರಿ.